ಓದು ಅಂದ್ರ ಓದಬೇಕು

ಸುರಪುರ ಬಸ್ ನಿಲ್ದಾಣದಲ್ಲಿ ದೇವಿಂದ್ರಪ್ಪ ಮಾಸ್ತರರು ಕೆಂಭಾವಿ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಇಬ್ಬರು ಯುವತಿಯರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಬೇರೆಯವರ ಕೋಡ್ ಓದಿ ಬಿಡಿಸುವ ಲೈಬ್ರರಿಯೊಂದನ್ನು, ಎಂದರೆ ಇತರ ಪ್ರೋಗ್ರಾಮರುಗಳು ಬಳಸುವ ಸಿದ್ಧ ಫಂಕ್ಷನ್‌ಗಳ ಕಟ್ಟನ್ನು, ಅವರೇ ಬರೆದಿದ್ದಾರೆಂದು ಮಾತಿನಿಂದ ತಿಳಿಯಿತು. ಮಾಸ್ತರರಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಕಿವಿ ಅಲ್ಲೇ ಇತ್ತು.

"ಫಂಕ್ಷನ್ ಹೆಸರು ಎಲ್ಲಾ ಬದಲಿ ಮಾಡ್ತಿ ಏನು, ಪಂಚಶೀಲಾ?"

"ಎಲ್ಲಾ ಮಾಡ್ತೀನಿ, ಸಪ್ನಾ. 'ಓದು' ಅಂತ ಹೆಸರೈತಿ, ಒಳಗ ಕೋಡಿನ ನಡುವ ಬರೆದಿಟ್ಟ ಟಿಪ್ಪಣಿ ಅಳಿಸಾಕತ್ತದ."

"ಕೈಪಿಡಿಯೊಳಗ ಬರದೀವಲ್ಲ."

"ಕೈಪಿಡಿ ಯಾರು ನೋಡ್ತಾರ? ನಮ್ಮ ಲೈಬ್ರರಿ ಬಳಸೋ ಸೌಭಾಗ್ಯ ಆ ಹೆಸರು ನಂಬಿದಳು. ಎರಡು ತಿಂಗಳ ಟಿಪ್ಪಣಿ ಹೋದ್ವು. ನನ್ನ ಮುಂದ ಕೂತು ಅತ್ತಾಳ. ಆ ಹೆಸರಿಟ್ಟಾಕಿ ನಾನು."

ಸಪ್ನಾ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಹಳೇ ಹೆಸರು ಬಳಸೋರ ಗತಿ?"

"ಒಂದು ವರ್ಷ ಅದೂ ನಡೀತದ. ಹಳೇದು ಬಳಸಿದಾಗೊಮ್ಮೆ ಹೊಸ ಹೆಸರು ತೋರಿಸ್ತದ. ಓದೋದಕ್ಕ 'ಓದು', ಅಳಿಸೋದಕ್ಕ 'ಅಳಿಸು'. ಮುಚ್ಚುಮರಿ ಬ್ಯಾಡ."

"ಬದಲಿ ಮಾಡೋ ಹೆಸರು ಎಷ್ಟದಾವ?"

"ಅರವತ್ತಮೂರು."

ಹುಣಸಗಿ ಬಸ್ಸು ಬಂದು ನಿಂತಿತು. ಸಪ್ನಾ ಲ್ಯಾಪ್‌ಟಾಪ್ ಮಡಚಿ ಎದೆಗವಚಿಕೊಂಡಳು.

"ಓಡು, ಸೀಟು ಹಿಡಿ. ಹೊಸ ಹೆಸರು ನೀ ಹೇಳ್ತಾ ಹೋಗು, ನಾ ಬರೀತೀನಿ."

ಇಬ್ಬರೂ ಜನರ ನಡುವೆ ನುಗ್ಗಿ ಬಸ್ಸು ಹತ್ತಿದರು.