ಹಲ್ಲಿಗೆಂದು ತಂದ ಸಗಣಿ

ಚಾಮರಾಜಪೇಟೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ದವಡೆಹಲ್ಲು ಕೀಳಿಸಿಕೊಳ್ಳಲು ಬಂದು ಕೂತಿದ್ದ ಶಿವರಂಜಿನಿಗೆ ಔಷಧಿಯ ವಾಸನೆಯ ನಡುವೆ ಸಗಣಿಯ ವಾಸನೆ ಬಂತು. ಪಕ್ಕದ ಅಜ್ಜಿ ಒಂದು ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದರು. ಅಷ್ಟರಲ್ಲಿ ಒಳಗಿನಿಂದ ಒಂಬತ್ತು ವರ್ಷದ ಮೊಮ್ಮಗಳು ಓಡಿ ಬಂದಳು.

"ಅಜ್ಜೀ, ಕೀಳಲ್ವಂತೆ!"

"ಸುಳ್ಳು ಹೇಳ್ಬೇಡ ರಕ್ಷಿತಾ. ಸೈಕಲ್ಲಿಂದ ಬಿದ್ದಾಗ್ಲೇ ಆ ಹಲ್ಲು ಒಳಗೆ ಸತ್ತೋಗಿದೆ ಅಂದಿದ್ರು. ಬೇರು ಬೆಳೀದಿದ್ರೆ ಕೀಳ್ಬೇಕು ಅಂದಿದ್ರು."

"ಹೋದ್ವರ್ಷ ಒಳಗೆಲ್ಲ ಕ್ಲೀನ್ ಮಾಡಿ, ಬೇರಿನ ತುದಿಯಿಂದ ರಕ್ತ ಬರ್ಸಿ ಮುಚ್ಚಿದ್ರಲ್ಲ, ಅದು ಕೆಲಸ ಮಾಡಿದೆ! ಅರ್ಧಕ್ಕೇ ನಿಂತಿದ್ದ ಬೇರು ಉದ್ದ ಆಗಿದೆ. ಎಕ್ಸ್‌ರೇಲಿ ನಾನೇ ನೋಡ್ದೆ!"

"ಅಯ್ಯೋ ನನ್ನವ್ವಾ!" ಅಜ್ಜಿ ಎದ್ದು ಮೊಮ್ಮಗಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿದರು. ಚೀಲ ಕೆಳಗೆ ಬಿತ್ತು.

"ಥೂ, ಏನಜ್ಜಿ ಇದು?"

"ಸಗಣಿ ಕಣೆ. ಕಿತ್ರೆ ಹಲ್ಲನ್ನ ಇದ್ರಲ್ಲಿಟ್ಟು ಸೂರಿನ ಮೇಲಕ್ಕೆ ಎಸೆಯೋಣ ಅಂತ ತಂದೆ."

"ಅದು ಹಾಲುಹಲ್ಲಿಗೆ! ಈ ಹಲ್ಲು ಹೋದ್ರೆ ಮತ್ತೆ ಹುಟ್ಟಲ್ಲ."

"ಗೊತ್ತು ಕಣೆ. ಆದ್ರೂ ಒಂದ್ಸಲ ಕೇಳಿ ನೋಡೋಣ ಅಂತ."

ಶಿವರಂಜಿನಿ ನೋವು ಮರೆತು ಜೋರಾಗಿ ನಕ್ಕುಬಿಟ್ಟಳು. ಅಜ್ಜಿ ತಿರುಗಿ ನೋಡಿದರು.

"ನಿಂದು ಕೀಳ್ತಾರೇನಮ್ಮಾ?"

"ಹೂಂ ಅಜ್ಜಿ."

"ಪಾಪ," ಎನ್ನುತ್ತಾ ಅಜ್ಜಿ ಕೆಳಗೆ ಬಿದ್ದಿದ್ದ ಚೀಲವನ್ನೆತ್ತಿ ಅವಳ ಮಡಿಲಲ್ಲಿಟ್ಟರು.

ಅಜ್ಜಿ, ಮೊಮ್ಮಗಳು ಇಬ್ಬರೂ ಕೈ ಬೀಸುತ್ತಾ, ಕುಣಿಯುತ್ತಾ ಮೆಟ್ಟಿಲಿಳಿದು ಹೋದರು. ಚೀಲ ಮಾತ್ರ ಶಿವರಂಜಿನಿಯ ಮಡಿಲಲ್ಲೇ ಉಳಿಯಿತು.