ಮೊದಲನೇ ಗುಂಡಿ

ಹಿರಿಯರಿಗೆ, ನಮ್ಮ ವಾಕ್ ಚಿಕಿತ್ಸಾ ವಿಭಾಗದ ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮನ್ನಗಲಿದ ಮೇಡಂ ಅವರ ಮಗ, ಸೊಸೆಗೆ ನಮಸ್ಕಾರ. ಮಗ ನನ್ನ ಮುಖ ನೋಡುತ್ತಿಲ್ಲ. ಪರವಾಗಿಲ್ಲ — ಕೇಳಿಸಿಕೊಂಡರೆ ಸಾಕು.

ಇದು — ಹಿಂದಿನವರಿಗೂ ಕಾಣಲಿ — ಎಂಟು ಗುಂಡಿಯ ಪೆಟ್ಟಿಗೆ. ಮಾತು ಹೊರಡದವರಿಗಾಗಿ ಇದರಲ್ಲಿ ಗುಂಡಿಗೊಂದರಂತೆ ನಮ್ಮ ದನಿಯಲ್ಲಿ ಮಾತು ತುಂಬಿಕೊಡುತ್ತೇವೆ. ಒತ್ತಿದರೆ ‘ನೀರು ಕೊಡಿ’ ಅನ್ನುತ್ತದೆ. ನಾವು ತುಂಬಿದ್ದನ್ನು ನೋಡಿ ಮೇಡಂ ಬೈಯುತ್ತಿದ್ದರು: “ಊಟ, ನೀರು, ನೋವು ಎಲ್ಲಾ ಹಾಕಿದೀಯ. ‘ಬೇಡ’ ಎಲ್ಲಯ್ಯ? ಮೊದಲನೇ ಗುಂಡೀಲಿ ಅದೇ ಇರಬೇಕು. ಬೇಡ ಅನ್ನೋಕೆ ಆಗದೋರನ್ನ ನೀವೆಲ್ಲಾ ಮೂಟೆ ಥರ ಹೊತ್ಕೊಂಡು ಓಡಾಡ್ತೀರ.” ಬೆನ್ನ ಹಿಂದೆ ಅವರನ್ನು ‘ಬೇಡಮ್ಮ’ ಅನ್ನುತ್ತಿದ್ದೆವು. ಅವರಿಗೂ ಗೊತ್ತಿತ್ತು.

ಪಾರ್ಶ್ವವಾಯು ಬಡಿದು ಅವರ ಮಾತೇ ನಿಂತಾಗ ಈ ಪೆಟ್ಟಿಗೆ ತುಂಬಿದವನು ನಾನು. ಹನ್ನೊಂದು ವರ್ಷ ಅವರ ಕೈಕೆಳಗೆ ಪಳಗಿದವನು. ಏಳು ಮಾತು ತುಂಬಿ, ಮೊದಲನೆಯದನ್ನು ಮಗನ ದನಿಗೆಂದು ಖಾಲಿ ಬಿಟ್ಟೆ. ‘ಬೇಡ’ ಮರೆತೇಬಿಟ್ಟೆ. ಎರಡು ದಿನ ಅವರು ಆ ಖಾಲಿ ಗುಂಡಿಯನ್ನೇ ಒತ್ತಿದರು — ಒತ್ತಿದರು — ಕೈ ನಡುಗುತ್ತಿದೆ ಅಂದುಕೊಂಡೆ. ತಪ್ಪಾಯಿತು ಮೇಡಂ.

ಮೂರನೇ ದಿನ, ಎರಡನೇ ಆಪರೇಷನ್ನಿಗೆ ಮಗನ ಸಹಿ ಬೇಕಿತ್ತು. ಡಾಕ್ಟರು ಪೆನ್ನು ಚಾಚಿದಾಗ ನನಗೆ ಹೊಳೆಯಿತು. ಅಲ್ಲೇ, ಎಲ್ಲರೆದುರು, ನನ್ನ ದನಿಯಲ್ಲಿ ‘ಬೇಡ’ ತುಂಬಿದೆ. “ಆಪರೇಷನ್ ಮಾಡ್ಸೋಣ್ವಾ ಮೇಡಂ?” ಅಂದೆ. ಒತ್ತಿದರು. ಬೇಡ.

“ಅದು ನಮ್ಮಮ್ಮ ಹೇಳಿದ್ದಲ್ಲ, ನೀವು ಹೇಳಿದ್ದು,” ಅಂದು ಮಗ ಬಾಗಿಲು ದೂಡಿಕೊಂಡು ಹೋದರು. ಸಹಿ ಹಾಕಲಿಲ್ಲ. ಮರುದಿನ ಅಮ್ಮನನ್ನು ಮನೆಗೆ ಕರೆದೊಯ್ದರು. ಒಂಬತ್ತನೇ ದಿನ ಮೇಡಂ ತೀರಿಕೊಂಡರು. ಅಷ್ಟು ದಿನವೂ ಮಗ ನನ್ನ ಫೋನು ಎತ್ತಲಿಲ್ಲ, ನನಗೆ ಬಾಗಿಲು ತೆರೆಯಲಿಲ್ಲ.

ಅದಕ್ಕೇ ಇಲ್ಲಿ, ಅವರ ಮಗನಿಗೇ ಹೇಳುತ್ತೇನೆ, ಕೇಳಿ. ‘ಒಂದೇ ಉತ್ತರ ನಂಬಬೇಡಿ, ತಿರುಗಿಸಿ ಕೇಳಿ’ — ಇದೂ ನಿಮ್ಮಮ್ಮನೇ ನಮಗೆ ಕಲಿಸಿದ್ದು. ಅವತ್ತು ನೀವು ಬಾಗಿಲು ದೂಡಿಕೊಂಡು ಹೋದ ಮೇಲೆ ಕೇಳಿದೆ: “ಮನೆಗೆ ಹೋಗೋಣ್ವಾ ಮೇಡಂ?” ಬೆರಳು ಗುಂಡಿಯ ಮೇಲೇ ಇತ್ತು. ಅವರು ಕೈ ತೆಗೆದು ಹೊದಿಕೆಯೊಳಗೆ ಇಟ್ಟುಕೊಂಡರು. “ಮಗನ್ನ ಕರೀಲಾ?” ಕೈ ಹೊರಗೆ ಬರಲೇ ಇಲ್ಲ. ನಿಮ್ಮನ್ನು ಅವರು ಬೇಡ ಅನ್ನಲಿಲ್ಲಪ್ಪ. ನಾನು ಗೇಟಿಗೆ ಓಡಿ ಬಂದೆ, ನಿಮ್ಮ ಕಾರು ಹೋಗಿಯಾಗಿತ್ತು.

ಪೆಟ್ಟಿಗೆ ಇನ್ನೊಬ್ಬರಿಗೆ ಹೋಗುವ ಮುಂಚೆ ಎಲ್ಲ ಮಾತೂ ಅಳಿಸಬೇಕು, ನಮ್ಮಲ್ಲಿ ಅದೇ ಕ್ರಮ. ಏಳನ್ನು ಅಳಿಸಿದ್ದೇನೆ. ಮೊದಲನೆಯದಕ್ಕೆ ಕೈ ಹೋಗಲಿಲ್ಲ. ಅದು ನಿಮಗೆಂದು ಬಿಟ್ಟ ಗುಂಡಿ. ಇಲ್ಲಿ ಮೇಜಿನ ಮೇಲೆ ಇಡುತ್ತೇನೆ. ಅಳಿಸುವುದಾದರೆ ನೀವೇ ಅಳಿಸಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ — ಮಾತು ಬೇಡ.