ಕಣದ ಅಂಚಲ್ಲಿ ಬಿಟ್ಟ ಬೂಟು

ಇವತ್ತಿನ ಪ್ರವಚನದಲ್ಲಿ ಶ್ರೀಮಂತನ ಕಥೆ ಹೇಳೋದಿಲ್ಲ. ಶ್ರೀಮಂತರ ಕಥೆ ಬೇಕಾದಷ್ಟು ಹೇಳಿದ್ದೀನಿ, ನೀವೂ ಕೇಳಿ ಕೇಳಿ ಆಕಳಿಸಿದ್ದೀರಿ. ಇವತ್ತು ಒಬ್ಬ ಬೇಸಾಯಗಾರನ ಕಥೆ ಕೇಳಿ. ಹೆಸರು ಬೇಕೇ? ತಿಪ್ಪೇರುದ್ರ ಅಂತ ಇಟ್ಕೊಳ್ಳಿ. ಒಂದು ಜೊತೆ ಎತ್ತು, ಕೆರೆ ಹಿಂದೆ ಒಂದಿಷ್ಟು ಹೊಲ, ಮನೇಲಿ ಹೆಂಡತಿ ಮಾರಕ್ಕ. ಆಕೆ ತುಂಬಿದ ಬಸುರಿ. ಉಣ್ಣೋಕೆ ಉಡೋಕೆ ಕೊರತೆ ಇಲ್ಲ. ಇಡೀ ಊರಲ್ಲಿ ಅವನಷ್ಟು ನೆಮ್ಮದಿಯಾಗಿ ನಿದ್ದೆ ಮಾಡೋನು ಇನ್ನೊಬ್ಬ ಇರಲಿಲ್ಲ.

ಆ ಸೀಮೆಯ ದೊರೆಗೂ ಸಮುದ್ರದ ಆಚೆಯ ಯಾವನೋ ದೊರೆಗೂ ಜಗಳ ಹತ್ತಿಕೊಳ್ತು. ಯಾಕೆ ಅಂತ ನನ್ನ ಕೇಳಬೇಡಿ, ಹೋಗಿ ಗುಂಡಿನ ಮುಂದೆ ನಿಂತವರಿಗೇ ಗೊತ್ತಿರಲಿಲ್ಲ. ಊರಿಗೊಬ್ಬ ಗಟ್ಟಿಮುಟ್ಟಾದ ಆಳನ್ನ ದಂಡಿಗೆ ಕೊಡಬೇಕು ಅಂತ ಹುಕುಂ ಬಂತು. ಆರಿಸೋ ಅಧಿಕಾರ ಊರ ಪಟೇಲನದು. ಪಟೇಲನ ಮನೇಲೇ ಉಂಡು ತಿಂದು ಬೆಳೆದ ಮಗ ಇದ್ದ. ಆದರೆ ಪಟೇಲ ಊರೆಲ್ಲ ಕಣ್ಣಾಡಿಸಿ, ಯಾಕೆ ಅಂತ ಕೇಳೋಕೆ ಅಣ್ಣ ತಮ್ಮ ಯಾರೂ ಇಲ್ಲದ ತಿಪ್ಪೇರುದ್ರನ ಹೆಸರು ಹೇಳಿಬಿಟ್ಟ. ನೋಡಿ, ನಾವೂ ಹೀಗೇ ಅಲ್ವೇ? ಭಾರ ಹೊರಿಸೋ ಹೊತ್ತಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವನ ಹೆಗಲೇ ನಮಗೆ ಮೊದಲು ಕಾಣೋದು.

ಸಿಪಾಯಿಗಳು ಬಂದಾಗ ತಿಪ್ಪೇರುದ್ರ ಕಣದಲ್ಲಿ ಜೋಳ ತೂರ್ತಾ ಇದ್ದ. ಕಣ ಅಂದ್ರೆ ಈಗಿನವರಿಗೆ ಬಿಡಿಸಿ ಹೇಳಬೇಕು. ನೀವೀಗ ಡಾಂಬರು ರಸ್ತೆ ಮೇಲೆ ತೆನೆ ಹರವಿ ಬಸ್ಸು ಲಾರಿ ಕೈಲಿ ತುಳಿಸ್ತೀರಿ. ಆಗ ಹೊಲದ ಮಗ್ಗುಲಲ್ಲಿ ನೆಲ ಕೆತ್ತಿ, ಸಗಣಿ ಸಾರಿಸಿ, ಎತ್ತು ಕಟ್ಟಿ ತುಳಿಸಿ, ಕಾಳು ರಾಶಿ ಮಾಡೋರು. ಆ ಜಾಗಕ್ಕೆ ಚಪ್ಪಲಿ ಮೆಟ್ಟಿ ಯಾರೂ ಕಾಲಿಡ್ತಿರಲಿಲ್ಲ. ಪಟೇಲನಾಗಲಿ ಪಂಡಿತನಾಗಲಿ, ಅಂಚಲ್ಲೇ ಬಿಟ್ಟು ಬರಬೇಕು. ರಾಶಿ ಹೊತ್ತಲ್ಲಿ ಬಂದವರನ್ನ ಬರಿಗೈಲಿ ಕಳಿಸ್ತಾನೂ ಇರಲಿಲ್ಲ, ಒಂದು ಬೊಗಸೆ ಕಾಳು ಸೆರಗಿಗೋ ಟವಲಿಗೋ ಹಾಕಿ ಕಳಿಸೋರು.

ತಿಪ್ಪೇರುದ್ರ ಮೊರ ಹೆಂಡತಿ ಕೈಗೆ ಕೊಟ್ಟ. ಮಾರಕ್ಕ ಅಳೋಕೆ ಹೋಗಲಿಲ್ಲ, ಅವನ ರಟ್ಟೆ ಹಿಡ್ಕೊಂಡು ಒಂದೇ ಮಾತು ಹೇಳಿದಳು. "ನೀನು ಹೆಂಗಾದ್ರೂ ಜೀವ ಹಿಡ್ಕಂಡು ಬಾ. ಮಿಕ್ಕಿದ್ದೆಲ್ಲ ನಾ ನೋಡ್ಕಂತೀನಿ."

ಹಡಗು ಹತ್ತಿಸಿದರು. ತಲೆ ಬೋಳಿಸಿ ಖಾಕಿ ತೊಡಿಸಿದರು, ಕಾಲಿಗೆ ಬೂಟು ಬಿಗಿದರು. ಹುಟ್ಟಿದಾಗಿಂದ ಮಣ್ಣು ತುಳಿದ ಕಾಲು. ಹೊಸದಾಗಿ ಲಾಳ ಹೊಡೆಸಿಕೊಂಡ ಎತ್ತಿನ ಹಾಗೆ ಅವನು ನಡೆಯೋದು ನೋಡಿ ದಂಡೆಲ್ಲ ನಗೋದು. ಹವಾಲ್ದಾರ ಮಾತ್ರ ನಗ್ತಿರಲಿಲ್ಲ. ಬಂದೂಕು ಕೈ ಬಿಡಬಾರದು, ಬೂಟು ಕಾಲು ಬಿಡಬಾರದು, ಇವೆರಡು ನೆನಪಿದ್ರೆ ಹೆಂಡತಿ ಮುಖ ನೋಡ್ತೀಯ ಅಂತ ಬೆಳಿಗ್ಗೆ ಸಂಜೆ ಹೇಳ್ತಿದ್ದ. ತಿಪ್ಪೇರುದ್ರನೂ ಅದನ್ನೇ ಜಪ ಮಾಡಿಕೊಂಡು ದಿನ ತಳ್ಳಿದ. ಅವನಿಗೆ ಗೆಲ್ಲೋದು ಸೋಲೋದು ಬೇಕಿರಲಿಲ್ಲ. ಜೀವ ಹಿಡ್ಕೊಂಡು ಊರು ಸೇರಬೇಕು, ಅಷ್ಟೇ.

ಒಂದು ಮಟಮಟ ಮಧ್ಯಾಹ್ನ ಆ ದೇಶದ ಒಂದು ಹಳ್ಳಿಗೆ ದಂಡು ನುಗ್ಗಿತು. ಜನ ಎಲ್ಲ ಓಡಿಹೋಗಿದ್ದರು. ಕಾಳುಕಡ್ಡಿ ಎಲ್ಲಿ ಕಂಡರೂ ಬೆಂಕಿ ಇಡಿ, ಶತ್ರುವಿಗೆ ಒಂದು ತುತ್ತು ಸಿಗಬಾರದು ಅಂತ ಹುಕುಂ. ಊರ ಹಿಂದಿನ ದಿಕ್ಕಿಗೆ ತಿಪ್ಪೇರುದ್ರನನ್ನ ಕಳಿಸಿದರು. ಒಂದು ಗೋಡೆ ದಾಟಿ ತಿರುಗ್ತಾನೆ, ಎದುರಿಗೆ ಕಣ! ಗುಡಿಸಿ ಸಾರಿಸಿದ ಕಣ, ನಡುವೆ ಎದೆಮಟ್ಟ ಗೋಧಿಯ ರಾಶಿ, ಪಕ್ಕದಲ್ಲಿ ಹುಲ್ಲಿನ ಬಣವೆ.

ಅವನು ಏನು ಮಾಡಬೇಕಿತ್ತು? ಕಡ್ಡಿ ಗೀರಬೇಕಿತ್ತು. ಏನು ಮಾಡಿದ? ಕೂತು ಬೂಟಿನ ದಾರ ಬಿಚ್ಚಿದ. ಯೋಚನೆ ಮಾಡಿ ಬಿಚ್ಚಿದ್ದಲ್ಲ, ಸ್ವಾಮಿ. ಕಣ ಕಂಡಿತು, ಕೈ ತಾನಾಗಿ ಕಾಲಿಗೆ ಹೋಯ್ತು. ಬೂಟು ಅಂಚಲ್ಲಿ ಬಿಟ್ಟ, ಅದರ ಪಕ್ಕದಲ್ಲೇ ಬಂದೂಕನ್ನೂ ಮಲಗಿಸಿದ. ಬರಿಗಾಲಲ್ಲಿ ಒಳಗೆ ಹೋಗಿ, ಬಗ್ಗಿ, ನಾಲ್ಕು ಕಾಳು ಕಣ್ಣಿಗೊತ್ತಿಕೊಂಡ.

ತಲೆ ಎತ್ತಿದರೆ ಬಣವೆ ಸಂದಿಯಿಂದ ಒಂದು ಬಂದೂಕಿನ ನಳಿಗೆ ನೇರ ಇವನ ಎದೆಗೆ ನೋಡ್ತಾ ಇದೆ.

ರಾಶಿ ಬಿಟ್ಟು ಓಡೋಕೆ ಮನಸ್ಸಾಗದೆ ಉಳಿದ ಆ ಊರಿನ ಮುದುಕ ರೈತ ಅವನು. ಇವನು ಗೋಡೆ ದಾಟಿದಾಗಿಂದ ಗುರಿ ಹಿಡಿದು ಕೂತಿದ್ದ. ತಿಪ್ಪೇರುದ್ರ ಕಣದ ಅಂಚಿನ ಕಡೆ ನೋಡಿದ. ಹವಾಲ್ದಾರ ಹೇಳಿದ ಎರಡೂ ಅಲ್ಲಿ ಅಂಚಲ್ಲಿ ಬಿದ್ದಿವೆ. ಮಾರಕ್ಕಾ, ನೀ ಹೇಳಿದ ಮಾತು ನಡೆಸೋಕೆ ಆಗಲಿಲ್ಲ ಕಣೇ ಅಂದುಕೊಂಡು ಕಣ್ಣು ಮುಚ್ಚಿದ.

ಗುಂಡು ಹಾರಲಿಲ್ಲ. ಕಣ್ಣು ಬಿಟ್ಟರೆ ಮುದುಕ ಇವನ ಕಾಲನ್ನೇ ನೋಡ್ತಾ ನಿಂತಿದ್ದಾನೆ. ಬರಿಗಾಲು. ಬಿರುಕು ಬಿಟ್ಟ ಹಿಮ್ಮಡಿ. ನಳಿಗೆ ನಿಧಾನಕ್ಕೆ ನೆಲ ನೋಡ್ತು. ಮುದುಕ ಏನೋ ಅಂದ, ಇವನಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಆಮೇಲೆ ಮುದುಕ ರಾಶಿಗೆ ಎರಡೂ ಕೈ ಹಾಕಿ ಒಂದು ಬೊಗಸೆ ಗೋಧಿ ತೆಗೆದ. ತಿಪ್ಪೇರುದ್ರ ಅಂಗಿಯ ಚುಂಗು ಒಡ್ಡಿದ. ಮುದುಕ ಅದರಲ್ಲಿ ಸುರಿದು, ಹೋಗು ಅಂತ ಕೈಸನ್ನೆ ಮಾಡಿದ.

ದಾರ ಕಟ್ಟದೆ ಬೂಟು ಎಳೀತಾ ವಾಪಸು ಬಂದವನನ್ನ ಹವಾಲ್ದಾರ ತಡೆದು, ಹಿಂದುಗಡೆ ಏನಿದೆ ಅಂತ ಕೇಳಿದ. ಬರೀ ಹೊಟ್ಟು ಅಂದ ತಿಪ್ಪೇರುದ್ರ. ಹವಾಲ್ದಾರ ಅವನ ಚುಂಗು ನೋಡಿದ, ಬೂಟು ನೋಡಿದ. ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡು ಅಗಿದ. ಅವನೂ ಯಾವುದೋ ಊರಿನ ಒಕ್ಕಲು ಮಗನೇ ಅಲ್ವೇ? ಹೊಟ್ಟಿಗೆ ಯಾರು ಬೆಂಕಿ ಇಡ್ತಾರೆ, ನಡಿ ಮುಂದೆ ಅಂದುಬಿಟ್ಟ.

ಯುದ್ಧ ಮುಗೀತು. ತಿಪ್ಪೇರುದ್ರ ಊರಿಗೆ ಬಂದ. ಬಾಗಿಲಲ್ಲಿ ಮಾರಕ್ಕ, ಅವಳ ಸೆರಗು ಹಿಡಿದು ಅಪ್ಪ ಅಂದ್ರೆ ಯಾರು ಅಂತ ನೋಡೋ ಮಗಳು. ಅವನು ಮಗಳನ್ನ ಎತ್ತಿಕೊಂಡು ಅತ್ತುಬಿಟ್ಟ. ಅವತ್ತಿಂದ ಉಣ್ಣೋ ಪ್ರತಿ ತುತ್ತಲ್ಲೂ ಆ ಮುದುಕನ ನೆನಪು. ಇದು ಅವನು ಕೊಟ್ಟ ಉಸಿರು, ಈ ಮಗು ಮುಖ ಅವನು ತೋರಿಸಿದ್ದು. ಆದರೆ ಎಲ್ಲಿಗೆ ಹೋಗಿ ಕೈ ಮುಗಿಯೋದು? ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ನಡುವೆ ಸಮುದ್ರ. ಕೊನೆಗೆ ಗಂಡ ಹೆಂಡತಿ ಕೂತು ಮಾತಾಡಿಕೊಂಡರು. ಈ ವರ್ಷ ರಾಶಿಯ ಮೊದಲ ಬೊಗಸೆ ಆ ಮುದುಕನದು. ಕಣಕ್ಕೆ ಮೊದಲು ಯಾರು ಬರ್ತಾರೋ ಅವರಿಗೆ ಕೊಡೋದು, ಅವನಿಗೇ ಮುಟ್ಟಿಸಿದ ಹಾಗೆ.

ರಾಶಿ ಆಯ್ತು. ತಿಪ್ಪೇರುದ್ರ ಬೊಗಸೆ ತುಂಬಿಕೊಂಡು ದಾರಿ ನೋಡ್ತಾ ನಿಂತ. ಯಾರು ಬಂದರು ಹೇಳಿ? ಪಟೇಲ.

ಇವನನ್ನ ಸಾಯೋಕೆ ಕಳಿಸಿದ ಅದೇ ಪಟೇಲ, ಕೆರೆ ಏರಿ ಇಳಿದು ಅದೇ ದಾರೀಲಿ ಬಂದ. ಇವನನ್ನ ಕಂಡು ಅಲ್ಲೇ ತಲೆ ತಗ್ಗಿಸಿ ನಿಂತ. ತಿಪ್ಪೇರುದ್ರನ ಮೈಯೆಲ್ಲ ಉರಿದುಹೋಯ್ತು. ಇವನಿಗಾ? ನನ್ನ ಮಗಳು ಹುಟ್ಟಿದ್ದು ನಾನು ನೋಡದ ಹಾಗೆ ಮಾಡಿದವನಿಗಾ? ಬೊಗಸೆ ಬಿಗಿಯಾಯ್ತು. ಇವನು ಹೋಗ್ಲಿ, ಮುಂದೆ ಬಂದವರಿಗೆ ಕೊಡೋಣ ಅಂತ ಹೆಂಡತಿ ಕಡೆ ತಿರುಗಿದ. ಮಾರಕ್ಕ ಮೊರ ಕೆಳಗಿಟ್ಟು ಕೇಳಿದಳು:

"ಆ ಮುದುಕಪ್ಪ ನಿನ್ನ ಹೆಸ್ರು ಕೇಳಿ ಕೊಟ್ಟನಾ?"

 ತಿಪ್ಪೇರುದ್ರ ಕಣದ ಅಂಚಿಗೆ ಹೋಗಿ, ಟವಲು ಒಡ್ಡು ಗೌಡ ಅಂದ. ಪಟೇಲ ಹೆಗಲ ಮೇಲಿನ ಟವಲು ತೆಗೆದು ಒಡ್ಡಿದ.

ಈಗ ನಿಮ್ಮ ವಿಚಾರಕ್ಕೆ ಬರೋಣ. ನೀವು ಯಾರಿಂದ ಬದುಕಿದ್ದೀರಿ? ಹೆರಿಗೆ ಹೊತ್ತಲ್ಲಿ ನಿಮ್ಮ ತಾಯಿ ಕೈ ಹಿಡಿದವಳು ಯಾರು? ರಸ್ತೇಲಿ ಬಿದ್ದಾಗ ಎತ್ತಿ ಆಟೋಗೆ ಹಾಕಿದವನ ಹೆಸರು ಗೊತ್ತಾ? ಆಸ್ಪತ್ರೇಲಿ ನಿಮಗೆ ಹತ್ತಿದ ರಕ್ತ ಯಾರದು? ಗೊತ್ತಿಲ್ಲ. ಅವರ್ಯಾರಿಗೂ ನೀವು ವಾಪಸು ಕೊಡೋಕೆ ಆಗಲ್ಲ. ಅದಕ್ಕೇ ದೇವರು ಅವರ ಬದಲಿಗೆ ಯಾರನ್ನಾದರೂ ನಿಮ್ಮ ಎದುರಿಗೆ ಕಳಿಸ್ತಾನೆ. ಆದರೆ ನೀವು ನೋಡಿ ಆರಿಸ್ತೀರಿ. ನಮ್ಮೋರಿಗೆ ಕೊಡ್ತೀರಿ, ಬೇಕಾದವರಿಗೆ ಕೊಡ್ತೀರಿ. ಹೊಲದ ಬದುವಿಗೆ ಜಗಳ ಆಡಿದ ಅಣ್ಣ ಎದುರಿಗೆ ಬಂದ್ರೆ ಮುಖ ತಿರುಗಿಸಿ ಬೀದಿ ದಾಟ್ತೀರಿ.

ಇನ್ನು ಮೇಲೆ ಹಾಗೆ ಆರಿಸಬೇಡಿ. ನಾಳೆಯಿಂದ ಅಂತ ಮುಂದೂಡಲೂ ಬೇಡಿ. ಹೊರಗೆ ಪ್ರಸಾದಕ್ಕೆ ಎಲೆ ಹಾಕಿದ್ದಾರೆ. ಪಕ್ಕದ ಎಲೆಗೆ ಯಾರು ಬಂದು ಕೂತ್ಕೊಳ್ತಾರೋ ನನಗೆ ಗೊತ್ತಿಲ್ಲ. ನಿಮಗೆ ಸೇರದವರೇ ಬಂದು ಕೂತ್ರೆ ಎದ್ದು ಬೇರೆ ಸಾಲಿಗೆ ಹೋಗಬೇಡಿ. ಬಡಿಸೋನು ಬಂದಾಗ, ಮೊದಲು ಅವರಿಗೆ ಹಾಕಪ್ಪ ಅನ್ನಿ.